ಹಿತ್ತಿಲ ಬಾಗಿಲಿಂದ ಬಂದರೆ ಸರಿಯಂತೆ!

ಪ್ಲೇಸ್ಟೇಷನ್ 4ರ ಡ್ಯುಯಲ್‌ಶಾಕ್ 4 ಕಂಟ್ರೋಲರ್ ಗಟ್ಟಿಮುಟ್ಟಾಗಿಯೇ ಇದೆ ಎನ್ನಿ. ಪಿಎಸ್5ಕ್ಕೆ ಜೋಡಿಸಿದರೆ ಪಿಎಸ್4ರ ಆಟಗಳು ನಡೆಯುತ್ತವೆ. ಪಿಎಸ್5ರ ಆಟ ತೆರೆದಿರೋ, ಬಾಗಿಲು ಬಂದ್.

ಹೊಸ ಆಟಗಳು ಹೊಸ ಡ್ಯುಯಲ್‌ಸೆನ್ಸ್‌ನ ಸೂಕ್ಷ್ಮ ಕಂಪನವನ್ನು, ಬಿಗಿ ಬದಲಿಸುವ ಟ್ರಿಗರ್‌ಗಳನ್ನು ಬಳಸಿಕೊಳ್ಳಬೇಕು ಎಂಬುದು ಸೋನಿ 2020ರಲ್ಲಿ ಕೊಟ್ಟ ಸಮಜಾಯಿಷಿ. ಆದರೆ ಅವೆರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಪೂರ್ತಿ ಆರಿಸಿ ಆಡಬಹುದಲ್ಲ! ಪರವಾನಗಿ ಪಡೆದ ಆರ್ಕೇಡ್ ಸ್ಟಿಕ್‌ಗಳಿಗೂ ಪಿಎಸ್5 ಆಟಗಳಲ್ಲಿ ಪ್ರವೇಶವಿದೆ. ಸೋಜಿಗವೆಂದರೆ, ರಿಮೋಟ್ ಪ್ಲೇ ಮೂಲಕ ಲ್ಯಾಪ್‌ಟಾಪ್‌ನಲ್ಲಿ ಅದೇ ಪಿಎಸ್5 ಆಟವನ್ನು ಅದೇ ಹಳೆಯ ಕಂಟ್ರೋಲರ್ ಹಿಡಿದು ಆಡಬಹುದು. ಮುಂಬಾಗಿಲಲ್ಲಿ ತಡೆ, ಹಿತ್ತಿಲಲ್ಲಿ ಸ್ವಾಗತ. ಇದು ತಂತ್ರಜ್ಞಾನದ ತೊಡಕಲ್ಲ, ವ್ಯಾಪಾರದ ತೀರ್ಮಾನ.

ಮೈಕ್ರೋಸಾಫ್ಟ್ ನೋಡಿ: 2013ರ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ 2020ರ ಸೀರೀಸ್ ಎಕ್ಸ್‌ನಲ್ಲಿ ಹೊಸ ಆಟಗಳನ್ನೂ ಆಡಿಸುತ್ತದೆ.

ಡ್ಯುಯಲ್‌ಸೆನ್ಸ್‌ಗಾಗಿಯೇ ಕಟ್ಟಿದ 'ಆಸ್ಟ್ರೋಸ್ ಪ್ಲೇರೂಮ್'ನಂಥ ಆಟಗಳಿವೆ, ಒಪ್ಪೋಣ. ಅವುಗಳಿಗೆ ಒಂದು ಸೂಚನೆ ಹಾಕಿದರೆ ಮುಗಿಯಿತು. ಫುಟ್‌ಬಾಲ್ ಆಟದಲ್ಲಿ ಪಾಸ್ ಕೊಡಲು, ಗೋಲು ಹೊಡೆಯಲು ಹಳೆಯ ಗುಂಡಿಗಳೇ ಧಾರಾಳ.

ಪಿಎಸ್5ರ ಪೆಟ್ಟಿಗೆಯಲ್ಲಿ ಬರುವುದು ಒಂದೇ ಕಂಟ್ರೋಲರ್. ಅಣ್ಣ-ತಂಗಿ ಜೊತೆಯಾಗಿ ಆಡಬೇಕೆಂದರೆ ಇನ್ನೊಂದು ಕೊಳ್ಳಲೇಬೇಕು. 2021ರಲ್ಲಿ ಭಾರತಕ್ಕೆ ಬಂದಾಗಲೇ ಅದರ ಬೆಲೆ 5,990 ರೂಪಾಯಿ. ಕೆಲಸ ಮಾಡುವ ಹಳೆಯದು ಕಪಾಟಿನಲ್ಲಿ ಕೊಳೆಯಬೇಕು, ಕೊನೆಗೆ ಇ-ತ್ಯಾಜ್ಯವಾಗಬೇಕು.

ಹೊಸದು ನಿಜಕ್ಕೂ ಚೆನ್ನಾಗಿದ್ದರೆ ಜನ ತಾವಾಗಿ ಕೊಳ್ಳುತ್ತಾರೆ. ಅದಕ್ಕಾಗಿ ಹಳೆಯದಕ್ಕೆ ಬೀಗ ಜಡಿಯಬೇಕಿಲ್ಲ. ಒಂದು ಅಪ್‌ಡೇಟ್‌ನಲ್ಲಿ ಆ ಬೀಗ ತೆಗೆಯಲಿ.