ಕೊಬ್ಬರಿ ಅಟ್ಟದ ಏಣಿ ಮತ್ತು ಫೈರ್‌ವಾಲ್

"ಫೈರ್‌ವಾಲ್ ಎಷ್ಟಾಗುತ್ತೆ ಸಾರ್?"

ನಮ್ಮ ಕೋರ ಹೋಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಯಾವ ಫ್ಯಾಕ್ಟರಿಗೆ ಹೋದರೂ ನನಗೆ ಎದುರಾಗುವ ಮೊದಲ ಪ್ರಶ್ನೆ ಇದು. ಕಾಫಿಗೂ ಮುಂಚೆ ಬರುತ್ತೆ. ಸಣ್ಣ ಕಂಪನಿಗಳಿಗೆ ನೆಟ್‌ವರ್ಕ್ ಹಾಕಿಕೊಡೋದು, ಅದಕ್ಕೆ ಭದ್ರತೆಯ ನಕ್ಷೆ ಮಾಡಿಕೊಡೋದು ನನ್ನ ಕೆಲಸ. ಬೆಲೆ ಕೇಳಿದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಹಾಕ್ತೀನಿ: "ನಾಳೆ ಬೆಳಿಗ್ಗೆ ಬಂದಾಗ ಯಾವುದು ಇಲ್ಲದಿದ್ದರೆ ನೀವು ಗೇಟ್ ಮುಚ್ಚಬೇಕಾಗುತ್ತೆ?"

ಈಚೆಗೆ ಹೋದ ಫ್ಯಾಕ್ಟರಿಯಲ್ಲಿ ಅರವತ್ತು ಜನ ಕೆಲಸ ಮಾಡ್ತಾರೆ, ವಾಹನದ ಬಿಡಿಭಾಗ ತಯಾರಿಸ್ತಾರೆ. ಓನರ್ ತಟ್ಟನೆ "ಮಷೀನು" ಅಂದರು. ಪಕ್ಕದಲ್ಲಿದ್ದ ಅಕೌಂಟ್ಸ್ ಮೇಡಂ ಒಪ್ಪಲಿಲ್ಲ. "ಮಷೀನ್ ಕೆಟ್ಟರೆ ರಿಪೇರಿಯವರು ಬರ್ತಾರೆ ಸಾರ್. ಟ್ಯಾಲಿ ಹೋದರೆ ಯಾರು ನಮಗೆ ಎಷ್ಟು ಕೊಡಬೇಕು ಅಂತಾನೇ ಗೊತ್ತಾಗಲ್ಲ. ಏಳನೇ ತಾರೀಕು ಸಂಬಳ ಹೇಗೆ ಹಾಕೋದು?" ಕ್ವಾಲಿಟಿ ವಿಭಾಗದ ಹುಡುಗ ಮೆಲ್ಲಗೆ ಇನ್ನೊಂದು ಸೇರಿಸಿದ: ಗಿರಾಕಿ ಕಂಪನಿಯವರು ಕೊಟ್ಟ ಡ್ರಾಯಿಂಗ್‌ಗಳು. ಅವು ನಮ್ಮವಲ್ಲ, ಹೊರಗೆ ಹೋದರೆ ಆರ್ಡರೇ ಹೋಯ್ತು. ಹತ್ತು ನಿಮಿಷದ ಈ ಮಾತಲ್ಲಿ ನಕ್ಷೆಯ ಅರ್ಧ ಕೆಲಸ ಮುಗಿದಿತ್ತು. ಏನನ್ನು ಕಾಯಬೇಕು ಅಂತ ಗೊತ್ತಿಲ್ಲದೆ ಕಾವಲುಗಾರನ ಸಂಬಳ ಮಾತಾಡಿ ಏನುಪಯೋಗ?

ಆಮೇಲೆ ನೋಟ್‌ಬುಕ್ ಹಿಡಿದು ಇಡೀ ಶೆಡ್ ಸುತ್ತಿದೆ. ಯಾವ ವೈರ್ ಎಲ್ಲಿಗೆ ಹೋಗುತ್ತೆ, ಅದರ ತುದಿಯಲ್ಲಿ ಏನಿದೆ, ಎಲ್ಲ ಬರ್ಕೊಂಡೆ. ಇದು ಬೇಜಾರಿನ ಕೆಲಸ, ಆದರೆ ಇದನ್ನ ಬಿಟ್ಟು ಮಾಡಿದ ಯಾವ ನಕ್ಷೆಯನ್ನೂ ನಾನು ನಂಬಲ್ಲ. ಸಿಕ್ಕಿದ್ದು ಹೀಗಿತ್ತು: ಟ್ಯಾಲಿ ಕಂಪ್ಯೂಟರ್, ಸಿಎನ್‌ಸಿ ಮಷೀನ್‌ಗಳು, ಸಿಸಿಟಿವಿ ರೆಕಾರ್ಡರ್, ಬೆರಳಚ್ಚಿನ ಹಾಜರಿ ಯಂತ್ರ, ಪ್ರಿಂಟರ್, ಬಂದವರಿಗೆಲ್ಲ ಪಾಸ್‌ವರ್ಡ್ ಕೊಡುವ ವೈಫೈ, ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿ. ಲೋಡ್ ತಂದ ಲಾರಿ ಡ್ರೈವರ್‌ನ ಮೊಬೈಲಿಗೂ ಟ್ಯಾಲಿ ಕಂಪ್ಯೂಟರಿಗೂ ನಡುವೆ ಒಂದು ಬಾಗಿಲೂ ಇಲ್ಲ.

ನಮ್ಮ ಕಡೆಯ ಹಳೇ ತೊಟ್ಟಿಮನೆ ನೋಡಿದ್ದೀರಲ್ಲ? ಹುಲ್ಲು ತಂದವರು ಕೊಟ್ಟಿಗೆ ಕಡೆಯಿಂದ ಬಂದು ಹಂಗೇ ಹೋಗ್ತಾರೆ. ಕೊಬ್ಬರಿ ವ್ಯಾಪಾರಕ್ಕೆ ಬಂದವರು ಪಡಸಾಲೆಯಲ್ಲಿ ಕೂತು ಮಾತಾಡ್ತಾರೆ. ಕಾಗದ ಪತ್ರ, ಒಡವೆ ಇಟ್ಟ ಕೋಣೆಗೆ ಮನೆಯವರಲ್ಲೂ ಎಲ್ಲರೂ ಹೋಗಲ್ಲ. ಯಾರನ್ನೂ ಕಳ್ಳ ಅಂದುಕೊಂಡು ಕಟ್ಟಿದ ಮನೆಯಲ್ಲ ಅದು. ಅವರವರ ಕೆಲಸ ಎಲ್ಲಿವರೆಗೋ ಅಲ್ಲಿವರೆಗೆ ದಾರಿ. ನೆಟ್‌ವರ್ಕನ್ನ ಹೀಗೆ ಕೋಣೆಗಳಾಗಿ ಒಡೆಯೋಕೆ ವಿಎಲ್ಎಎನ್ ಅಂತಾರೆ. ವೈರ್ ಹೊಸದಾಗಿ ಎಳೆಯಬೇಕಿಲ್ಲ, ಸ್ವಲ್ಪ ಬುದ್ಧಿ ಇರೋ ಸ್ವಿಚ್ ಸಾಕು. ನಾವು ಐದು ಕೋಣೆ ಮಾಡಿದೆವು: ಅಕೌಂಟ್ಸ್, ಆಫೀಸು, ಮಷೀನು, ಕ್ಯಾಮೆರಾ, ಅತಿಥಿ. ಕೋಣೆಗಳ ನಡುವಿನ ಬಾಗಿಲೇ ಫೈರ್‌ವಾಲ್. ಮೊದಲು ಎಲ್ಲ ಬಾಗಿಲೂ ಮುಚ್ಚೋದು, ಆಮೇಲೆ ಯಾರಿಗೆ ಯಾವುದು ಬೇಕು ಅಂತ ಕೇಳಿ ಒಂದೊಂದೇ ತೆಗೆಯೋದು. ತಿರುವುಮುರುವು ಮಾಡಿದರೆ, ಅಂದರೆ ಎಲ್ಲ ತೆಗೆದಿಟ್ಟು ಅಪಾಯ ಕಂಡದ್ದನ್ನ ಮಾತ್ರ ಮುಚ್ತಾ ಹೋದರೆ, ಆ ಕೆಲಸ ಜನ್ಮದಲ್ಲಿ ಮುಗಿಯಲ್ಲ.

ಮಷೀನ್‌ಗಳ ಕೋಣೆ ಬೇರೆ ಇರಲೇಬೇಕು ಅಂತ ಹಠ ಹಿಡಿದಿದ್ದಕ್ಕೆ ಕಾರಣ ಇದೆ. ಅಲ್ಲಿನ ಎರಡು ಕಂಪ್ಯೂಟರ್ ಇನ್ನೂ ವಿಂಡೋಸ್ 7ರಲ್ಲಿವೆ. ಮೈಕ್ರೋಸಾಫ್ಟ್ ಅದಕ್ಕೆ ಉಚಿತವಾಗಿ ಭದ್ರತಾ ಅಪ್‌ಡೇಟ್ ಕೊಡೋದನ್ನ 2020ರ ಜನವರಿ 14ಕ್ಕೇ ನಿಲ್ಲಿಸಿತು. ಬದಲಾಯಿಸೋಣ ಅಂದರೆ ಆ ಮಷೀನಿನ ಸಾಫ್ಟ್‌ವೇರ್ ಹೊಸದರಲ್ಲಿ ಓಡಲ್ಲ. ಮಷೀನೋ ಇನ್ನೂ ಹತ್ತು ವರ್ಷ ದುಡಿಯುತ್ತೆ. ಹಿಂಗಿರುವಾಗ ಅದನ್ನ ಗುಣ ಮಾಡೋ ಯೋಚನೆ ಬಿಟ್ಟು, ಅದಕ್ಕೆ ಸೋಂಕು ತಗಲದ ಹಾಗೆ ನೋಡ್ಕೊಳ್ಳೋದೊಂದೇ ದಾರಿ. ಸಿಎನ್‌ಸಿ ಪ್ರೋಗ್ರಾಂಗಳು ಈಗ ಒಂದೇ ಒಂದು ಕಂಪ್ಯೂಟರಿನ ಮೂಲಕ ಒಳಗೆ ಹೋಗುತ್ತವೆ. ಪೆನ್‌ಡ್ರೈವ್ ತಂದವರೂ ಮೊದಲು ಅಲ್ಲಿ ತಪಾಸಣೆ ಮಾಡಿಸಬೇಕು. ಶಿಫ್ಟಿನ ಹುಡುಗರು ಗೊಣಗಿದರು, ಎರಡು ವಾರಕ್ಕೆ ರೂಢಿ ಆಯ್ತು.

ಜಗತ್ತಿನ ಅತಿ ದೊಡ್ಡ ಚಿಪ್ ತಯಾರಕ, ತೈವಾನಿನ ಟಿಎಸ್ಎಂಸಿಗೆ ಆಗಿದ್ದೂ ಇದೇ ಜಾಗದಲ್ಲಿ. 2018ರ ಆಗಸ್ಟ್‌ನಲ್ಲಿ ಹೊಸ ಮಷೀನೊಂದನ್ನ ವೈರಸ್ ತಪಾಸಣೆ ಮಾಡದೆ ನೆಟ್‌ವರ್ಕಿಗೆ ಸೇರಿಸಿದರು. ಅದರೊಳಗೆ ವಾನಾಕ್ರೈ ತಳಿಯ ವೈರಸ್ ಇತ್ತು. ಒಂದರಿಂದ ಇನ್ನೊಂದಕ್ಕೆ ಹರಡಿ ಉತ್ಪಾದನೆ ನಿಂತಿತು, ಸರಿಹೋಗೋಕೆ ಎರಡು ಮೂರು ದಿನ ಬೇಕಾಯ್ತು. ಯಾರೋ ಗುರಿಯಿಟ್ಟು ಹೊಡೆದದ್ದಲ್ಲ, ಬರೀ ಅನುಸ್ಥಾಪನೆಯ ವೇಳೆ ಆದ ಎಡವಟ್ಟು ಅಂತ ಕಂಪನಿಯೇ ಹೇಳಿತು.

"ಅವೆಲ್ಲ ದೊಡ್ಡವರಿಗೆ ಸಾರ್, ನಮ್ಮನ್ಯಾರು ಕೇಳ್ತಾರೆ" ಅನ್ನೋ ಮಾತು ಆಗ ಬಂದೇ ಬರುತ್ತೆ. 2019ರಲ್ಲಿ ನಮ್ಮ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಹಾಕಿ 11.5 ಕೋಟಿ ರೂಪಾಯಿ ಲಪಟಾಯಿಸಿದ ಸುದ್ದಿ ಓದಿದವರಿಗೆ ಹಂಗನ್ನಿಸೋದು ಸಹಜ. ಆದರೆ 2024ರ ಜುಲೈ ಕೊನೆಯಲ್ಲಿ ಏನಾಯ್ತು ನೋಡಿ. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಕಂಪನಿಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ಆಯ್ತು. ಸೋಂಕು ಮುಂದೆ ಹೋಗದಿರಲಿ ಅಂತ ಎನ್‌ಪಿಸಿಐ ಆ ಕಂಪನಿಯನ್ನ ತನ್ನ ಪಾವತಿ ಜಾಲದಿಂದ ಬೇರ್ಪಡಿಸಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ನಿಂತಿತು. ಆ ಬ್ಯಾಂಕುಗಳ ಬೀಗ ಗಟ್ಟಿಯಿತ್ತೋ ಇಲ್ಲವೋ ಅನ್ನೋ ಪ್ರಶ್ನೆಯೇ ಬರಲಿಲ್ಲ. ಇಲ್ಲಿ ಇನ್ನೊಂದು ಪಾಠನೂ ಇದೆ: ಎನ್‌ಪಿಸಿಐ ಹತ್ತಿರ ಕತ್ತರಿಸೋಕೆ ಒಂದು ಜಾಗ ಇತ್ತು. ನಿಮ್ಮ ಆಫೀಸಿನಲ್ಲಿ ಕತ್ತರಿಸೋ ಜಾಗ ಎಲ್ಲಿದೆ?

ನಮ್ಮ ಶೆಡ್ಡಿನಲ್ಲಿ ಅಂಥ ಹೊರಗಿನ ಕೈ ಅಂದರೆ ಮಷೀನ್ ಸರ್ವೀಸಿನವರು. ಅವರು ದೂರದಿಂದಲೇ ಕಂಪ್ಯೂಟರ್ ನೋಡೋಕೆ ಒಂದು ಸಾಫ್ಟ್‌ವೇರ್ ಹಾಕಿ, ಹಗಲೂ ರಾತ್ರಿ ತೆರೆದೇ ಇಟ್ಟಿದ್ದರು. ಪಾಸ್‌ವರ್ಡ್ ಅವರ ಎಷ್ಟು ಜನರ ಹತ್ತಿರ ಇದೆ ಅಂತ ಓನರ್‌ಗೆ ಗೊತ್ತಿಲ್ಲ. ಈಗ ಬೆಸ್ಕಾಂ ಲೈನ್‌ಮನ್‌ಗಳ ಪದ್ಧತಿ ತಂದಿದ್ದೀವಿ. ಕಂಬ ಹತ್ತೋ ಮುಂಚೆ ಲೈನ್ ಕ್ಲಿಯರ್ ತಗೊಳ್ತಾರೆ, ಇಳಿದ ಮೇಲೆ ವಾಪಸ್ ಕೊಡ್ತಾರೆ. ಸರ್ವೀಸಿನವರು ಫೋನ್ ಮಾಡಿ ಕೇಳಬೇಕು, ಇಲ್ಲಿಯವರು ಆನ್ ಮಾಡ್ತಾರೆ, ಕೆಲಸ ಮುಗಿದ ಕೂಡಲೇ ಆಫ್. ರಿಜಿಸ್ಟರಿನಲ್ಲಿ ಒಂದು ಸಾಲು.

ಓನರ್ ತಮ್ಮ ಮೊಬೈಲಿನಲ್ಲಿ ಕ್ಯಾಮೆರಾ ನೋಡುವ ವಿಷಯಕ್ಕೆ ಮಾತ್ರ ಸ್ವಲ್ಪ ಜಗಳ ಆಯ್ತು. ಕ್ಯಾಮೆರಾ ಹಾಕಿದವರು ರೂಟರಿನಲ್ಲಿ ಒಂದು ಕಿಂಡಿ ಕೊರೆದು ರೆಕಾರ್ಡರನ್ನ ನೇರ ಇಂಟರ್‌ನೆಟ್ಟಿಗೆ ತೆರೆದಿದ್ದರು, ಪಾಸ್‌ವರ್ಡ್ ಕಂಪನಿಯಿಂದ ಬಂದಾಗಿನದ್ದೇ. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಜಗತ್ತಿನಾದ್ಯಂತ ಇಂಥ ಕ್ಯಾಮೆರಾ, ರೆಕಾರ್ಡರ್‌ಗಳನ್ನೇ ಹಿಡಿದು ದಂಡು ಕಟ್ಟಿತ್ತು. ಕಿಂಡಿ ಮುಚ್ಚಿ ವಿಪಿಎನ್ ಕೊಟ್ಟೆ. "ಮೊದಲು ಒಂದು ಸಲ ಒತ್ತಿದರೆ ಬರ್ತಿತ್ತು, ಈಗ ಎರಡು ಸಲ ಒತ್ತಬೇಕು" ಅನ್ನೋ ದೂರು ಇವತ್ತಿಗೂ ಇದೆ. ಇರಲಿ.

ಇನ್ನು ಬ್ಯಾಕಪ್. ನಮ್ಮಲ್ಲಿ ತೆಂಗಿನಕಾಯಿಯನ್ನ ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕಿದರೆ ತಿಂಗಳುಗಟ್ಟಲೆ ಮುಟ್ಟಲ್ಲ. ನಮ್ಮಜ್ಜ ಏಣಿಯನ್ನೂ ತೆಗೆದು ಬೇರೆ ಕಡೆ ಇಡ್ತಿದ್ದರು. ಬ್ಯಾಕಪ್ಪಿಗೆ ಬೇಕಾದದ್ದು ಆ ಏಣಿ ತೆಗೆಯೋ ಬುದ್ಧಿ. ರ‍್ಯಾನ್ಸಮ್‌ವೇರ್ ಒಳಗೆ ಬಂದರೆ ಕೈಗೆ ಸಿಗೋ ಬ್ಯಾಕಪ್ಪನ್ನೂ ಹಾಳು ಮಾಡುತ್ತೆ. ಸದಾ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರೋ ಡಿಸ್ಕ್ ಅಂದರೆ ಏಣಿ ಹಾಕಿಟ್ಟ ಅಟ್ಟ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ, ಇದು ನಮ್ಮ ಕಸುಬಿನ ಹಳೇ ಲೆಕ್ಕ. ಇಲ್ಲಿ ಎರಡು ಡಿಸ್ಕ್ ಸರದಿ ಮೇಲೆ ತುಮಕೂರಿನ ಓನರ್ ಮನೆಗೆ ಹೋಗಿ ಬರ್ತವೆ.

ಒಂದು ಶನಿವಾರ ಸಂಜೆ ಹಳೇ ಲ್ಯಾಪ್‌ಟಾಪ್ ಇಟ್ಕೊಂಡು, "ಟ್ಯಾಲಿ ಹೋಗಿದೆ ಅಂದ್ಕೊಳ್ಳಿ ಮೇಡಂ, ವಾಪಸ್ ತರೋಣ" ಅಂದೆ. ಮೊದಲಿಂದಲೂ ಇದ್ದ ಅವರ ಬ್ಯಾಕಪ್ ತೆರೆದರೆ ಕೊನೆಯ ತಾರೀಕು ಎಂಟು ತಿಂಗಳ ಹಿಂದಿನದು. ಡಿಸ್ಕ್ ತುಂಬಿದ ದಿನದಿಂದ ಪ್ರತಿ ರಾತ್ರಿ ಬ್ಯಾಕಪ್ ಶುರುವಾಗಿ, ಸೋತು, ಸುಮ್ಮನಾಗ್ತಿತ್ತು. ಮೇಡಂ ಐದು ನಿಮಿಷ ಮಾತೇ ಆಡಲಿಲ್ಲ. ಅದೇ ರಸ್ತೆಯ ಇನ್ನೊಂದು ಶೆಡ್ಡಿನವರು ಇಂಥದ್ದೇ ದಾಳಿಯಾದ ಮೇಲೆ ಒಂದೂವರೆ ತಿಂಗಳು ಕಾಗದದ ಬಿಲ್ಲು ನೋಡಿ ಲೆಕ್ಕ ಮತ್ತೆ ಹೊಡೆದದ್ದು ಅವರಿಗೂ ಗೊತ್ತು. ಈಗ ತಿಂಗಳಿಗೊಮ್ಮೆ ಅವರೇ ವಾಪಸ್ ತಂದು ನೋಡ್ತಾರೆ, ನನ್ನನ್ನ ಕರೆಯೋದಿಲ್ಲ.

ಕಾನೂನಿನ ಮಾತು ಚುಟುಕಾಗಿ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, 180 ದಿನದ ಲಾಗ್ ಇಟ್ಟಿರಬೇಕು, ಎಲ್ಲ ಸಾಧನಗಳ ಗಡಿಯಾರ ಒಂದೇ ಸಮಯ ತೋರಿಸಬೇಕು. ಗಡಿಯಾರದ್ದೇನು ಮಹಾ ಅನ್ನಿಸಬಹುದು. ಇಲ್ಲಿ ಹಾಜರಿ ಯಂತ್ರ ಹನ್ನೊಂದು ನಿಮಿಷ ಮುಂದಿತ್ತು, ಕ್ಯಾಮೆರಾ ಅರ್ಧ ಗಂಟೆ ಹಿಂದಿತ್ತು. ಯಾರು ಯಾವಾಗ ಎಲ್ಲಿದ್ದರು ಅಂತ ಹುಡುಕಿದರೆ ಮೂರು ಕಥೆ ಸಿಗ್ತಿತ್ತು. ಅಕೌಂಟ್ಸ್ ಗೋಡೆಗೆ ಒಂದು ಹಾಳೆ ಅಂಟಿಸಿದ್ದೀವಿ: ಮೊದಲು ಯಾವ ವೈರ್ ಕೀಳಬೇಕು, ಯಾರಿಗೆ ಫೋನ್ ಮಾಡಬೇಕು, ಹಣ ಹೋಗಿದ್ದರೆ 1930.

ಫೈರ್‌ವಾಲ್ ಕೊನೆಗೆ ಕೊಂಡೆವು, ಓನರ್ ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಈಗ ಹೊಸ ಸಿಎನ್‌ಸಿ ಮಷೀನ್ ಬರ್ತಿದೆ. ಅದಕ್ಕೆ 24 ಗಂಟೆ ಇಂಟರ್‌ನೆಟ್ ಕೊಡದಿದ್ದರೆ ವಾರಂಟಿ ಕೊಡಲ್ಲ ಅಂತ ಮಾರುವವರು ಹೇಳ್ತಿದ್ದಾರೆ. ಯಾವ ವಿಳಾಸಕ್ಕೆ, ಯಾವ ಕೆಲಸಕ್ಕೆ ಅಂತ ಬರೆದುಕೊಡಿ ಅಂತ ನಾವು ಕೇಳಿದ್ದೀವಿ, ಇನ್ನೂ ಉತ್ತರ ಬಂದಿಲ್ಲ. ಸ್ವಿಚ್ಚಿನ 23ನೇ ಪೋರ್ಟ್ ಅದಕ್ಕೆ ಅಂತ ಬಿಟ್ಟಿದ್ದೀನಿ. ಸದ್ಯಕ್ಕೆ ಅದು ಆಫ್.