ಬಾಲ ಸಂಧಿವಾತದ ಮಕ್ಕಳ ಶೀಘ್ರ ಪತ್ತೆ, ಚಿಕಿತ್ಸೆ ಮತ್ತು ಶಾಲಾ ಸೌಲಭ್ಯಕ್ಕಾಗಿ ಮನವಿ ಪತ್ರ

ಗೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯಿತಿ, ಮಂಡ್ಯ.

ಇವರಿಂದ: ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಪೋಷಕರು, ವಿ.ಸಿ. ಫಾರಂ.

ವಿಷಯ: ಬಾಲ ಸಂಧಿವಾತವನ್ನು ಶಾಲೆ ಮತ್ತು ಅಂಗನವಾಡಿ ಮಟ್ಟದಲ್ಲೇ ಗುರುತಿಸಿ ಚಿಕಿತ್ಸೆ ಒದಗಿಸುವ ಬಗ್ಗೆ.

ಮಾನ್ಯರೇ,

16 ವರ್ಷ ತುಂಬುವ ಮೊದಲೇ ಶುರುವಾಗಿ, ಬೇರೆ ಕಾರಣ ಕಾಣದೆ, ಕನಿಷ್ಠ 6 ವಾರ ಉಳಿಯುವ ಕೀಲಿನ ಉರಿಯೂತವನ್ನು ವೈದ್ಯಶಾಸ್ತ್ರ ಬಾಲ ಸಂಧಿವಾತವೆಂದು ಗುರುತಿಸುತ್ತದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಕೀಲಿನ ಒಳಪೊರೆಯ ಮೇಲೆಯೇ ಎರಗುವುದರಿಂದ ಕೀಲು ಊದಿ, ಬಿಸಿಯಾಗಿ, ಬಿಗಿದುಕೊಳ್ಳುತ್ತದೆ. ಇದು ಅಂಟುರೋಗವಲ್ಲ, ತಂದೆತಾಯಿಯ ತಪ್ಪಿನಿಂದ ಬರುವುದೂ ಅಲ್ಲ. ಲಂಡನ್ನಿನ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ 1897ರಲ್ಲೇ ಮಕ್ಕಳ ಕೀಲುರೋಗವನ್ನು ವಿವರವಾಗಿ ದಾಖಲಿಸಿದ್ದರೂ, ಸಂಧಿವಾತ ವಯಸ್ಸಾದವರ ಕಾಯಿಲೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ.

ರೋಗಕ್ಕೆ ಹಲವು ರೂಪಗಳಿವೆ. ಕೆಲವು ಮಕ್ಕಳಿಗೆ ಒಂದೆರಡು ಕೀಲು, ಹೆಚ್ಚಾಗಿ ಮಂಡಿ, ಊದುತ್ತದೆ. ಇನ್ನು ಕೆಲವರಿಗೆ ಬೆರಳು, ಮಣಿಕಟ್ಟು ಸೇರಿ ಐದು ಅಥವಾ ಅದಕ್ಕಿಂತ ಹೆಚ್ಚು ಕೀಲುಗಳು ಹಿಡಿಯುತ್ತವೆ. ಮತ್ತೊಂದು ರೂಪದಲ್ಲಿ ದಿನವೂ ಏರಿಳಿಯುವ ಜ್ವರ ಮತ್ತು ಗಂಧೆಗಳೂ ಜೊತೆಗಿರುತ್ತವೆ. ಬೆಳಗ್ಗೆ ಎದ್ದಾಗ ಕುಂಟುವ ಮಗು ಮಧ್ಯಾಹ್ನದ ಹೊತ್ತಿಗೆ ಓಡಾಡುವುದು ಈ ರೋಗದ ಮುಖ್ಯ ಲಕ್ಷಣ. ಎಳೆಯ ಮಕ್ಕಳು ನೋವೆಂದು ಹೇಳುವುದೂ ಇಲ್ಲ. ಎತ್ತಿಕೊಳ್ಳೆಂದು ಹಟ ಮಾಡುತ್ತಾರೆ, ಆಟ ಬಿಡುತ್ತಾರೆ.

ಈ ಲಕ್ಷಣಗಳನ್ನು ಬಿದ್ದ ಪೆಟ್ಟು, ಬೆಳೆಯುವ ವಯಸ್ಸಿನ ನೋವು ಅಥವಾ ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ಇದನ್ನು ಸಂಧಿವಾತ ಜ್ವರವೆಂದು (ರುಮ್ಯಾಟಿಕ್ ಫೀವರ್) ತಪ್ಪು ತಿಳಿದು ಪೆನಿಸಿಲಿನ್ ಚುಚ್ಚುಮದ್ದು ಮುಂದುವರಿಸುವ ಅಪಾಯವೂ ಇದೆ. ಬಾಲ ಸಂಧಿವಾತವನ್ನು ದೃಢಪಡಿಸುವ ಯಾವುದೇ ಒಂದು ರಕ್ತಪರೀಕ್ಷೆ ಇಲ್ಲ. ದೊಡ್ಡವರ ಸಂಧಿವಾತಕ್ಕೆ ಮಾಡಿಸುವ ಆರ್.ಎ. ಫ್ಯಾಕ್ಟರ್ ಪರೀಕ್ಷೆ ಹೆಚ್ಚಿನ ಮಕ್ಕಳಲ್ಲಿ ನೆಗೆಟಿವ್ ಬರುತ್ತದೆ. ಹಾಗೆ ಬಂದ ಮಾತ್ರಕ್ಕೆ ರೋಗವಿಲ್ಲ ಎಂದಾಗದು. ವೈದ್ಯರು ಕೀಲನ್ನು ಮುಟ್ಟಿ ನೋಡಿ, ಸೋಂಕು, ಕ್ಷಯ ಮತ್ತು ರಕ್ತದ ಕ್ಯಾನ್ಸರನ್ನು ಹೊರಗಿಟ್ಟು ನಿರ್ಧರಿಸಬೇಕು.

ತಡವಾದರೆ ಕೀಲಿನ ಮೃದ್ವಸ್ಥಿ ಸವೆಯುತ್ತದೆ, ಕೀಲು ಮಡಿಚಿಕೊಂಡೇ ಉಳಿಯುತ್ತದೆ, ಒಂದು ಕಾಲು ಇನ್ನೊಂದಕ್ಕಿಂತ ಉದ್ದವಾಗಬಹುದು. ಕಣ್ಣಿನ ಒಳಗೂ ಉರಿಯೂತವಾಗಬಹುದು. ಕಣ್ಣು ಕೆಂಪಾಗದೆ, ನೋಯದೆ ಅದು ದೃಷ್ಟಿಯನ್ನು ಕಸಿಯುತ್ತದೆ. ಸ್ಲಿಟ್ ಲ್ಯಾಂಪ್ ಪರೀಕ್ಷೆಯಲ್ಲಷ್ಟೇ ಸಿಕ್ಕಿಬೀಳುತ್ತದೆ. ಹೆಚ್ಚು ಅಪಾಯವಿರುವ ಮಕ್ಕಳಿಗೆ 3 ತಿಂಗಳಿಗೊಮ್ಮೆ ಈ ಪರೀಕ್ಷೆ ಬೇಕು.

ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಬಹುಪಾಲು ಮಕ್ಕಳು ಎಲ್ಲರಂತೆ ಓದಿ ಆಡಿ ಬೆಳೆಯಬಲ್ಲರು. ನೋವು ಮತ್ತು ಊತ ಇಳಿಸುವ ಔಷಧ, ಕೀಲಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು, ವಾರಕ್ಕೆ ಒಂದೇ ಬಾರಿ ಕೊಡುವ ಮೆಥೊಟ್ರೆಕ್ಸೇಟ್, ಅದಕ್ಕೂ ಬಗ್ಗದಿದ್ದರೆ ಎಟನರ್ಸೆಪ್ಟ್, ಅಡಲಿಮುಮ್ಯಾಬ್, ಟಾಸಿಲಿಜುಮ್ಯಾಬ್‌ನಂಥ ಜೈವಿಕ ಔಷಧಗಳಿವೆ. ಫಿಸಿಯೊಥೆರಪಿ ಇವುಗಳ ಜೊತೆಗೇ ನಡೆಯಬೇಕು. ಆದರೆ ಚಿಕಿತ್ಸೆ ವರ್ಷಗಟ್ಟಲೆ, ಹೆಚ್ಚಾಗಿ ಹೊರರೋಗಿಯಾಗಿಯೇ ನಡೆಯುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ನೆರವು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಬ್ಬು, ಭತ್ತದ ಕೂಲಿ ನಂಬಿದ ಕುಟುಂಬಕ್ಕೆ ತಜ್ಞರನ್ನು ಕಾಣಲು ಬೆಂಗಳೂರಿಗೆ ಹೋಗುವ ಪ್ರತಿ ಪಯಣವೂ ಒಂದು ದಿನದ ಕೂಲಿ ಕಳೆದುಕೊಂಡಂತೆ.

ಈ ಮಕ್ಕಳನ್ನು ಬೇಗ ಗುರುತಿಸಲು ಹೊಸ ಇಲಾಖೆಯಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಬಾರಿ ಹೋಗಬೇಕೆಂಬ ನಿಯಮವಿದೆ. ಆರಂಭದಲ್ಲಿ ಪಟ್ಟಿ ಮಾಡಿದ 30 ಆರೋಗ್ಯ ಸಮಸ್ಯೆಗಳಲ್ಲಿ ಸಂಧಿವಾತ ಜ್ವರದ ಹೃದ್ರೋಗವಿದೆ, ಬಾಲ ಸಂಧಿವಾತವಿಲ್ಲ. ಆದರೆ ಮಕ್ಕಳ ಕೀಲುಗಳನ್ನು ಪರೀಕ್ಷಿಸಲು ಬ್ರಿಟನ್ನಿನ ಮಕ್ಕಳ ವೈದ್ಯರು ರೂಪಿಸಿದ ಪಿ-ಗಾಲ್ಸ್ ತಪಾಸಣೆಗೆ ಎರಡು-ಮೂರು ನಿಮಿಷ ಸಾಕು. ಕೀಲು, ಸ್ನಾಯು, ಬೆನ್ನಿನಲ್ಲಿ ನೋವು ಅಥವಾ ಬಿಗಿತವಿದೆಯೇ, ಬಟ್ಟೆ ಹಾಕಿಕೊಳ್ಳಲು ಕಷ್ಟವೇ, ಮೆಟ್ಟಿಲು ಹತ್ತಿ ಇಳಿಯಲು ಕಷ್ಟವೇ ಎಂಬ ಮೂರು ಪ್ರಶ್ನೆ ಕೇಳಿ, ಮಗುವಿನ ನಡಿಗೆ, ಕೈಕಾಲು, ಬೆನ್ನನ್ನು ನೋಡುವುದಷ್ಟೇ ಅದರ ಕ್ರಮ.

ಈ ಹಿನ್ನೆಲೆಯಲ್ಲಿ ಸಲ್ಲಿಸುವ ಬೇಡಿಕೆಗಳು:

1. ಜಿಲ್ಲೆಯ ಬಾಲ ಸ್ವಾಸ್ಥ್ಯ ತಂಡಗಳಿಗೆ ಪಿ-ಗಾಲ್ಸ್ ತರಬೇತಿ ನೀಡಿ, ತಪಾಸಣಾ ನಮೂನೆಯಲ್ಲಿ ಕೀಲುಗಳನ್ನೂ ಸೇರಿಸಬೇಕು.

2. ಕೀಲು ಊದಿದ ಅಥವಾ ಬೆಳಗ್ಗೆ ಕುಂಟುವ ಮಗುವನ್ನು 6 ವಾರ ದಾಟುವ ಮೊದಲೇ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕಳುಹಿಸುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸುತ್ತೋಲೆ ಹೊರಡಿಸಬೇಕು. ಜ್ವರದೊಂದಿಗೆ ಒಂದೇ ಕೀಲು ದಿಢೀರನೆ ಊದಿದರೆ ಅಂದೇ ಕಳುಹಿಸಬೇಕು.

3. ಮಿಮ್ಸ್‌ನಲ್ಲಿ ತಿಂಗಳಿಗೊಮ್ಮೆ ಮಕ್ಕಳ ಕೀಲುರೋಗ ಚಿಕಿತ್ಸಾಲಯ ನಡೆಸಿ, ಬೆಂಗಳೂರಿನ ತಜ್ಞರ ಸಲಹೆಯನ್ನು ಟೆಲಿಮೆಡಿಸಿನ್ ಮೂಲಕ ಒದಗಿಸಬೇಕು. ಅದೇ ದಿನ ಕಣ್ಣಿನ ಪರೀಕ್ಷೆ ಮತ್ತು ಫಿಸಿಯೊಥೆರಪಿಯೂ ಸಿಗಬೇಕು.

4. ಮದ್ದೂರು, ಮಳವಳ್ಳಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೆಥೊಟ್ರೆಕ್ಸೇಟ್, ಫೋಲಿಕ್ ಆಮ್ಲ ಮತ್ತು ಅಗತ್ಯ ರಕ್ತಪರೀಕ್ಷೆ ಉಚಿತವಾಗಿ ದೊರೆಯಬೇಕು. ಜೈವಿಕ ಔಷಧಗಳ ವೆಚ್ಚ ಭರಿಸಲು ರಾಜ್ಯ ಸರ್ಕಾರಕ್ಕೆ ಶಿಫಾರಸು ಮಾಡಬೇಕು.

5. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಆಶಯದಂತೆ ಕುರ್ಚಿ-ಮೇಜು, ಕಮೋಡ್ ಶೌಚಾಲಯ, ನೆಲಮಹಡಿಯ ತರಗತಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ನೀಡಬೇಕು. ಶೇ. 40ರ ಅಂಗವೈಕಲ್ಯ ಪ್ರಮಾಣಪತ್ರ ಇಲ್ಲವೆಂಬ ಕಾರಣಕ್ಕೆ ಇವನ್ನು ನಿರಾಕರಿಸಬಾರದು. ಆಸ್ಪತ್ರೆಗೆ ಹೋದ ದಿನಗಳನ್ನು ಹಾಜರಾತಿ ಕೊರತೆಯೆಂದು ಎಣಿಸಬಾರದು.

6. ಆಶಾ, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಶಿಕ್ಷಕರಿಗೆ ಕನ್ನಡದಲ್ಲಿ ಕೈಪಿಡಿ ನೀಡಿ, ಮಾರ್ಚ್ 18ರ ವಿಶ್ವ ಬಾಲ ಸಂಧಿವಾತ ರೋಗಗಳ ದಿನದಂದು ಪ್ರತಿ ತಾಲ್ಲೂಕಿನಲ್ಲೂ ತಪಾಸಣಾ ಶಿಬಿರ ನಡೆಸಬೇಕು.

ಕೀಲು ಒಮ್ಮೆ ಸವೆದರೆ ಯಾವ ಔಷಧವೂ ಅದನ್ನು ಮೊದಲಿನಂತೆ ಮಾಡಲಾರದು. ಆದ್ದರಿಂದ ಮುಂದಿನ ಶಾಲಾ ತಪಾಸಣೆ ಆರಂಭವಾಗುವ ಮುನ್ನವೇ ಮೊದಲ ಎರಡು ಬೇಡಿಕೆಗಳ ಬಗ್ಗೆ ಆದೇಶ ಹೊರಡಿಸಿ, ಉಳಿದವುಗಳಿಗೆ ಕಾಲಮಿತಿ ನಿಗದಿಪಡಿಸಬೇಕೆಂದು ಕೋರಲಾಗಿದೆ.

ಪ್ರತಿಗಳು:
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಮಂಡ್ಯ.
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಮಂಡ್ಯ.