ಮರ ಹತ್ತಿಸಿದವನದೇ ಹೊಣೆ

ಆಟಿ ತಿಂಗಳಲ್ಲಿ ಕೇರಳದ ನಮ್ಮ ಕಾರಡ್ಕದ ಕಡೆ ಬಂದರೆ ತೋಟಗಳಲ್ಲಿ ಪಂಪಿನ ಸದ್ದು ಕೇಳುತ್ತದೆ. ಅಡಿಕೆಗೆ ಎರಡನೆಯ ಮದ್ದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಶುರುವಾಗುವ ಹೊತ್ತಿಗೆ ಒಮ್ಮೆ ಬಿಟ್ಟು, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಬಿಡದಿದ್ದರೆ ಕೊಳೆರೋಗಕ್ಕೆ ಫಸಲು ಹೋದ ಹಾಗೆಯೇ. ಅಷ್ಟು ಹೊತ್ತಿಗೆ ಮರದ ಮೈ ಪಾಚಿ ಹಿಡಿದು ಜಾರುತ್ತಿರುತ್ತದೆ. ಕಾಲಿಗೆ ತಳೆ ಸಿಕ್ಕಿಸಿ ಪೈಪು ಎಳೆದುಕೊಂಡು ಹತ್ತಿದವನು ಇಳಿಯುವಾಗ ಅವನ ತೋಳು, ಹುಬ್ಬು ಎಲ್ಲ ತಿಳಿನೀಲಿ.

ಹಿಂದೆ ಈ ಕೆಲಸಕ್ಕೆ ತೋಟದಲ್ಲೇ ವರ್ಷವಿಡೀ ಇರುವ ಆಳುಗಳಿದ್ದರು. ಆ ಕಾಲ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಜಾತಿ, ಸಾಲ, ಯಜಮಾನನ ದರ್ಪ ಎಲ್ಲ ಇತ್ತು. ಅದರಿಂದ ಅವರು ಬಿಡಿಸಿಕೊಂಡದ್ದು ದೊಡ್ಡ ಸಂಗತಿ. ಈಗ ಫೋನು ಮಾಡಿದರೆ ಬರುತ್ತಾರೆ, ಕೊಯ್ಲಿಗೆ ಮರದ ಲೆಕ್ಕ, ಮದ್ದಿಗೆ ಡ್ರಮ್ಮಿನ ಲೆಕ್ಕ. ದುಡ್ಡು ಹಿಂದಿಗಿಂತ ಹೆಚ್ಚು, ನಿಜ. ಆದರೆ ಲೆಕ್ಕದ ಕೆಲಸದಲ್ಲಿ ಅವಸರವೂ ಸೇರಿಯೇ ಬರುತ್ತದೆ. ಮಳೆ ಒಂದು ಗಂಟೆ ಬಿಟ್ಟರೆ ಆ ಗಂಟೆಯಲ್ಲೇ ದಿನದ ಸಂಪಾದನೆ ಆಗಬೇಕು.

ನಾಲ್ಕು ವರ್ಷದ ಹಿಂದೆ ನಮ್ಮ ತೋಟದಲ್ಲೇ ಒಬ್ಬ ಬಿದ್ದ. "ಅಣ್ಣ, ಮೋಡ ಬರುವ ಮೊದಲು ಇದೊಂದು ಡ್ರಮ್ ಮುಗಿಸಿಬಿಡ್ತೇನೆ" ಎಂದಿದ್ದ. ಬೇಡ ಎನ್ನಲಿಲ್ಲ ನಾನು. ಜೀಪಿನಲ್ಲಿ ಮಲಗಿಸಿ ಮಂಗಳೂರಿಗೆ ಒಯ್ದೆವು. ಜೀವ ಉಳಿಯಿತು, ಸೊಂಟದ ಕೆಳಗೆ ಬಲ ಬರಲಿಲ್ಲ. ನೆರೆಕರೆಯವರು ಸೇರಿ ಹಣ ಒಟ್ಟುಮಾಡಿ ಕೊಟ್ಟೆವು, ಒಳ್ಳೆಯ ಕೆಲಸ ಮಾಡಿದಿರಿ ಎಂದು ಹೊಗಳಿಸಿಕೊಂಡೆವು. ಅವನಿಗೆ ಸಲ್ಲಬೇಕಾದದ್ದನ್ನು ದಾನವೆಂದು ಕೊಟ್ಟಿದ್ದೆವು.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ನಾವು ಜಾರಿ ಮಾಡುವುದಿಲ್ಲ ಎಂದು ಕೇರಳ ಸರ್ಕಾರ ಆಗ ಹೇಳಿತು. ಮುಷ್ಕರ, ಮೆರವಣಿಗೆ, ಭಾಷಣ ಎಲ್ಲ ನಡೆದವು. ಸಂಹಿತೆಗಳಿಗೆ ನನ್ನ ವಿರೋಧವೂ ಇದೆ. ಆದರೆ ಸುರಕ್ಷತೆಯ ಸಂಹಿತೆ ಲೆಕ್ಕ ಹಿಡಿಯುವುದು ಸಾಮಾನ್ಯವಾಗಿ ಹತ್ತು ಜನ ಕಾರ್ಮಿಕರಿರುವಲ್ಲಿಂದ. ಮೇಲೆ ಒಬ್ಬ, ಕೆಳಗೆ ಪೈಪು ಹಿಡಿಯಲು ಒಬ್ಬ ಇರುವ ತೋಟ ಯಾರ ಭಾಷಣದಲ್ಲೂ ಬರಲಿಲ್ಲ. ಬಿದ್ದ ಮೇಲೆ ಅರ್ಜಿ ಕೊಟ್ಟು ಸಹಾಯ ಕೇಳುವ ಸರ್ಕಾರಿ ಯೋಜನೆಗಳಿವೆ, ಅಲ್ಲಗಳೆಯುವುದಿಲ್ಲ. ತುಳು, ಕನ್ನಡ ಮಾತಾಡುವವನು ಮಲಯಾಳದ ಅರ್ಜಿ ಹಿಡಿದು ಕಚೇರಿ ಅಲೆಯಬೇಕು, ಅಷ್ಟೇ.

ನಂಜಿನ ಕೆಲಸದ ಹೊಣೆಯನ್ನು ಆಮೇಲೆ ನೋಡೋಣ ಎಂದರೆ ಏನಾಗುತ್ತದೆಂದು ಕಾರಡ್ಕಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಎಂಡೋಸಲ್ಫಾನ್ ಪೀಡಿತ ಪಂಚಾಯತುಗಳಲ್ಲಿ ನಮ್ಮದೂ ಒಂದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು ನಿಂತದ್ದು 2000ದ ಹೊತ್ತಿಗೆ. ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ.

ಮರ ಹತ್ತಿಸಿದವನೇ ಹೊಣೆ ಹೊರಲಿ ಎಂದರೆ, ಅರ್ಧ ಎಕರೆಯವನು ಪರಿಹಾರ ಎಲ್ಲಿಂದ ಕೊಡಲಿ ಎಂದು ಕೇಳುವವರಿದ್ದಾರೆ. ಹಳದಿ ರೋಗ, ಎಲೆಚುಕ್ಕಿ, ಕೊಳೆ, ಎಲ್ಲ ನನ್ನ ತೋಟಕ್ಕೂ ಬಂದಿವೆ. ಒಬ್ಬೊಬ್ಬನೇ ಕೊಡಲಾರ, ಒಪ್ಪಿದೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿ 'ಕೇರ ಸುರಕ್ಷಾ' ವಿಮೆ ಮಾಡಿದೆ. ಅಡಿಕೆಗೆ ಅಂಥ ಮಂಡಳಿ ಇಲ್ಲ, ಆದರೆ 1973ರಿಂದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇದೆ, ಊರೂರಲ್ಲಿ ಸಹಕಾರಿ ಸಂಘಗಳಿವೆ. ಮಾರಿದ ಅಡಿಕೆಯಲ್ಲಿ ಕಿಲೋಗೆ ಒಂದು ರೂಪಾಯಿ ಹಿಡಿಯಲಿ. ಕಿಲೋಗೆ ನಾನೂರು ದಾಟಿದ ಧಾರಣೆ ಕಂಡ ನಮಗೆ ಅದು ಭಾರವಲ್ಲ. ಆ ಹಣದಿಂದ ಹತ್ತುವವನಿಗೂ ಕೆಳಗೆ ನಿಲ್ಲುವವನಿಗೂ ವಿಮೆ ಆಗಲಿ, ಅವನು ಪಕ್ಕದ ಮನೆಯವನಾಗಿರಲಿ, ಜಾರ್ಖಂಡಿನಿಂದ ಬಂದವನಾಗಿರಲಿ. ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ಇನ್ನು ಯಾರೂ ಹತ್ತಬೇಕಿಲ್ಲ ಎನ್ನುವವರು ಸಣ್ಣ ತೋಟದವನು ಅದರ ಬೆಲೆ ಕೇಳಿ ಹಿಂದೆ ಬಂದದ್ದನ್ನು ನೋಡಿಲ್ಲ. ಸಂಘವೇ ಕೊಂಡು ಬಾಡಿಗೆಗೆ ಕೊಡಲಿ.

ಸಂಘದ ಪುಸ್ತಕದಲ್ಲಿ ಯಾರು ಎಷ್ಟು ಕ್ವಿಂಟಾಲ್ ಹಾಕಿದರೆಂಬ ಲೆಕ್ಕ ಪೈಸೆ ತಪ್ಪದೆ ಇರುತ್ತದೆ. ಆ ಅಡಿಕೆಗೆ ಮದ್ದು ಬಿಟ್ಟು, ಕೊಯ್ದು ಇಳಿಸಿದವನ ಹೆಸರು ಅಲ್ಲಿಲ್ಲ. ಮುಂದಿನ ಮದ್ದಿಗೆ ಮೊದಲು ಅದನ್ನು ಬರೆಸಬೇಕು.